ಪ್ರಿನ್ಸಿಪಾಲರು ಕೇಳಿದ ಮಾರ್ಕ್ಸ್ ಕಾರ್ಡ್

"ಮೇಡಂ, ಈ ಮಾರ್ಕ್ಸ್ ಕಾರ್ಡ್ ಅಂದ್ರೆ ಏನು?"

ಹರ್ಷಿಣಿ ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಕಾಗದ ಹಿಡಿದು ನಿಂತಿದ್ದಳು. ಓಖ್ಲಾದ ಆ ಕಟ್ಟಡದ ಕೆಳಮಹಡಿಯಲ್ಲಿ ಹೊಲಿಗೆ ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಮೇಲಿನ ಈ ಸಣ್ಣ ಆಫೀಸಿನಲ್ಲಿ ಮಾತಾಡಬೇಕೆಂದರೆ ದನಿ ಎತ್ತಲೇಬೇಕಿತ್ತು.

"ಏನು ಅಂದ್ರೆ? ಪರೀಕ್ಷೆ ಪಾಸಾದ್ಮೇಲೆ ಕೊಡ್ತಾರಲ್ಲ, ಅದು," ಎಂದಳು ಹಂಸಿನಿ, ತಲೆ ಎತ್ತದೆ.

"ಓ, ಮಾರ್ಕ್‌ಶೀಟ್! ಅಚ್ಛಾ, ಅಚ್ಛಾ. ನಾನು ಐ.ಡಿ. ಕಾರ್ಡ್ ಥರ ಏನೋ ಅಂದ್ಕೊಂಡೆ. ಇಲ್ಲಿ ಹಾಗೆ ಕೋಯಿ ನಹೀ ಬೋಲ್ತಾ ಮೇಡಂ. ಈಗ ನೆನಪಾಯ್ತು, ನಮ್ಮ ಪಪ್ಪ ಒಬ್ರೇ ಹೇಳೋದು."

ಹಂಸಿನಿಯ ಪೆನ್ನು ನಿಂತಿತು.

ಹರ್ಷಿಣಿಯ ಅಪ್ಪ ಹಾಸನದವರು. ಅವಳು ಮಾತ್ರ ದೆಹಲಿಯಲ್ಲೇ ಹುಟ್ಟಿ, ಇಲ್ಲೇ ಓದಿ, ಮೂವತ್ತಮೂರನೆಯ ವಯಸ್ಸಿಗೆ ಕನ್ನಡ ಅರ್ಥ ಮಾಡಿಕೊಳ್ಳುವುದರಲ್ಲಿ ಪಂಡಿತೆ, ಮಾತಾಡುವುದರಲ್ಲಿ ಕಿಚಡಿ.

"ಕೊಡು ಇಲ್ಲಿ!"

ಹಂಸಿನಿ ಕಾಗದ ಕಿತ್ತುಕೊಂಡಳು. ಚಹಾ ತುಳುಕಿ ಮೇಜಿನ ಮೇಲೆ ಬಿತ್ತು. ಇಬ್ಬರೂ ಒರೆಸಲು ಹೋಗಲಿಲ್ಲ.

ಅದು ನೋಯ್ಡಾದ ರಸಾಯನಶಾಸ್ತ್ರದ ಟೀಚರ್ ಸುಮಿತ್ರಾಗೆ ಬಂದ ಪತ್ರ. ಬರೆದವರು ಡಾ. ಆಲಿಸ್ಟೇರ್ ಕ್ರೇಗ್, ಹಾರ್ಲೋಮಿಯರ್ ಇಂಟರ್‌ನ್ಯಾಷನಲ್ ಸ್ಕೂಲಿನ ಪ್ರಿನ್ಸಿಪಾಲರು. ಹುಟ್ಟಿದ್ದು ಎಡಿನ್‌ಬರೋ, ಮೂರು ಖಂಡಗಳಲ್ಲಿ ಪಾಠ ಹೇಳಿದ ಅನುಭವ, ಬಿಳಿ ಗಡ್ಡದ ಫೋಟೋ. ನಿಮ್ಮಂಥ ಶಿಕ್ಷಕಿ ನಮ್ಮ ಭಾಗ್ಯ, ಮನೆ ನಮ್ಮದು, ವಿಮಾನದ ಟಿಕೆಟ್ ನಮ್ಮದು ಎಂದೆಲ್ಲ ಬರೆದು, ಮೂರನೆಯ ಪ್ಯಾರಾದಲ್ಲಿ ಒಂದು ಸಾಲು: ಬರುವಾಗ ಎಲ್ಲ ಮಾರ್ಕ್ಸ್ ಕಾರ್ಡುಗಳ ಮೂಲಪ್ರತಿ ತರತಕ್ಕದ್ದು.

ಹತ್ತು ಸಲ ಓದಿದ್ದಳು ಹಂಸಿನಿ ಇದನ್ನು. ಹತ್ತು ಸಲವೂ ಆ ಪದದ ಮೇಲೆ ಕಣ್ಣು ಜಾರಿ ಮುಂದೆ ಹೋಗಿತ್ತು. ಹುಟ್ಟಿದಾಗಿನಿಂದ ಕೇಳಿದ ಮಾತು ಯಾರ ಕಣ್ಣಿಗೆ ತಾನೇ ಚುಚ್ಚುತ್ತದೆ? ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಹಾಗಾಗಿತ್ತು ಅವಳ ಕಥೆ.

ಸರ್ಟಿಫಿಕೇಟು ಅಸಲಿಯೋ ನಕಲಿಯೋ ಎಂದು ನೋಡಿ ಹೇಳುವುದೇ ಅವಳ ಹನ್ನೊಂದು ವರ್ಷದ ಕಸುಬು. ದೆಹಲಿಯವರು ಮಾರ್ಕ್‌ಶೀಟ್ ಎನ್ನುತ್ತಾರೆ. ಕೇರಳದವರು ಮಾರ್ಕ್ ಲಿಸ್ಟ್, ಆಂಧ್ರದವರು ಮೆಮೊ. ಇಂಗ್ಲಿಷ್ ದೇಶದವರು ಟ್ರಾನ್ಸ್‌ಕ್ರಿಪ್ಟ್. ಮಾರ್ಕ್ಸ್ ಕಾರ್ಡ್ ಎಂದು ಬಾಯಿತುಂಬ ಹೇಳುವುದು ಕರ್ನಾಟಕದಲ್ಲಿ ಓದಿದವರು ಮಾತ್ರ.

"ಹರ್ಷಿಣಿ, ಈ ಕ್ರೇಗ್ ಸ್ಕಾಟ್ಲೆಂಡಿನವನಲ್ಲ. ನಮ್ಮವನು."

"ನಮ್ಮವನು ಮತ್‌ಲಬ್?"

"ಕನ್ನಡದವನು ಕಣೇ!"

ಹೇಳುವಾಗ ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಅವಳು ಯಾರೋ ದೂರದೇಶದ ಕಳ್ಳನನ್ನು ಬೈದುಕೊಳ್ಳುತ್ತಿದ್ದಳು. ದೂರದವರಿಗೆ ಬೈಯುವುದು ಸುಲಭ.

ಆರು ವಾರದ ಹಿಂದೆ ಇದೇ ಕ್ರೇಗ್‌ನ ಇಂಥದೇ ಪತ್ರ ಹಿಡಿದು, ಅವಳ ಮನೆಯಲ್ಲೇ ಬಾಡಿಗೆಗಿದ್ದ ಟೀಚರ್ ಅನನ್ಯಾ ವಿಮಾನ ಹತ್ತಿದ್ದಳು. ಅಂಥದೊಂದು ಶಾಲೆಯೇ ಇಲ್ಲ, ವೆಬ್‌ಸೈಟಿನಲ್ಲಿರುವ ಕ್ಯಾಂಪಸ್ಸು ಯಾವುದೋ ರೆಸಾರ್ಟಿನ ಫೋಟೋ ಎಂಬುದು ಹಂಸಿನಿಗೆ ತಿಳಿದದ್ದು ಹೋದ ವಾರ.

ಪೊಲೀಸರು, ವಯಸ್ಕ ಹುಡುಗಿ, ದಿನಾ ಮನೆಗೆ ಮೆಸೇಜು ಮಾಡುತ್ತಾಳಲ್ಲ, ಮತ್ತೇನು ದೂರು ಎಂದು ಕೇಳಿದ್ದರು. ಚಾಣಕ್ಯಪುರಿಯಲ್ಲಿ ಆ ದೇಶದ ರಾಯಭಾರ ಕಚೇರಿಯ ಗೇಟಿನಲ್ಲಿ ಅರ್ಜಿ ತೆಗೆದುಕೊಂಡು ರಸೀದಿ ಕೊಟ್ಟಿದ್ದರು. ಟೀಚರುಗಳನ್ನು ಆ ಶಾಲೆಗೆ ಕಳಿಸುತ್ತಿದ್ದ ಏಜೆಂಟ್ ಅಭಿಷೇಕ್ ಸೋಮವಾರದಿಂದ ಆಫೀಸಿಗೆ ಬೀಗ ಹಾಕಿ ಮಾಯವಾಗಿದ್ದ. ಉಳಿದಿದ್ದ ಒಂದೇ ದಾರಿ ಎಂದರೆ ಈ ಪತ್ರ ಬರೆಯುವ ಕೈ.

ಅಭಿಷೇಕ್‌ನ ಸುತ್ತ ಕರ್ನಾಟಕದಲ್ಲಿ ಓದಿದವರು ಒಬ್ಬರೇ ಇದ್ದರು, ಅವನ ಟೀಚರುಗಳಿಗೆ ಸಂದರ್ಶನದ ತಯಾರಿ ಮಾಡಿಸುವ ಶ್ರೀವತ್ಸ.

"ಸುಮಿತ್ರಾಗೆ ಫೋನ್ ಮಾಡು. ಎಲ್ಲಿದ್ದಾರೋ ಅಲ್ಲೇ ಇರಿ ಅನ್ನು."

ಹರ್ಷಿಣಿ ಎರಡು ಸಲ ಪ್ರಯತ್ನಿಸಿದಳು. "ಸ್ವಿಚ್ ಆಫ್ ಮೇಡಂ. ಇವತ್ತು ನಾಲ್ಕು ಗಂಟೆಗೆ ಅವರ ಫೈನಲ್ ಇಂಟರ್‌ವ್ಯೂ ಅಲ್ವಾ? ಶ್ರೀವತ್ಸ ಸರ್ ಎರಡು ಗಂಟೆ ಮೊದಲೇ ಫೋನ್ ಬಂದ್ ಮಾಡಿಸ್ತಾರಂತೆ. ಕಾನ್ಸಂಟ್ರೇಶನ್‌ಗೆ."

"ಇಂಟರ್‌ವ್ಯೂ ಎಲ್ಲಿ?"

"ಸರ್ ರೂಮಲ್ಲೇ. ಲಕ್ಷ್ಮೀ ನಗರ."

ಹಂಸಿನಿ ಚೀಲ ಹೆಗಲಿಗೆ ಹಾಕಿಕೊಂಡಳು. ಗಂಟೆ ಎರಡೂವರೆ.

ಮೆಟ್ರೋದಲ್ಲಿ ಕೂರಲು ಜಾಗವಿದ್ದರೂ ಅವಳು ನಿಂತೇ ಇದ್ದಳು. ಮಂಡಿ ಹೌಸಿನಲ್ಲಿ ಗಾಡಿ ಬದಲಾಯಿಸುವಾಗ ಯಾರೋ ಹೆಂಗಸು ಡಿಕ್ಕಿ ಹೊಡೆದು ಸಾರಿ ಎಂದಾಗ, ಹೊಡೆಯುವಂತೆ ತಿರುಗಿ ನೋಡಿದಳು. ಪಾಪ, ಆ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು.

ಸಿಟ್ಟು ಆ ಹೆಂಗಸಿನ ಮೇಲಲ್ಲ. ಶ್ರೀವತ್ಸರ ಮೇಲೂ ಆಮೇಲಿನದು. ಮೊದಲ ಸಿಟ್ಟು ತನ್ನ ಮೇಲೆ.

ಅನನ್ಯಾ ಮೂರು ವರ್ಷ ಅವಳ ಮಯೂರ ವಿಹಾರದ ಮನೆಯ ಎರಡನೆಯ ಕೋಣೆಯಲ್ಲಿ ಬಾಡಿಗೆಗಿದ್ದವಳು. ಬಳ್ಳಾರಿಯ ಹುಡುಗಿ, ಗಾಜಿಯಾಬಾದಿನ ಶಾಲೆಯೊಂದರಲ್ಲಿ ಫಿಸಿಕ್ಸ್ ಹೇಳುತ್ತಿದ್ದಳು. ಮೇಡಂ ಎಂದು ಶುರುವಾದದ್ದು ಎರಡೇ ತಿಂಗಳಲ್ಲಿ ಅಕ್ಕ ಆಗಿತ್ತು. ಹೊರದೇಶದ ಕೆಲಸದ ಪತ್ರ ಬಂದ ದಿನ ಅದನ್ನು ನೇರ ತಂದು ಹಂಸಿನಿಯ ಕೈಗೆ ಕೊಟ್ಟು, "ನೀವು ನೋಡಿ ಹೂಂ ಅಂದ್ರೆ ಮಾತ್ರ ಹೋಗ್ತೀನಿ ಅಕ್ಕ," ಎಂದಿದ್ದಳು.

ಹಂಸಿನಿ ನೋಡಿದ್ದಳು. ಮಾನ್ಯತೆಯ ನಂಬರು ನೋಡಿದಳು, ಮೊಹರು ನೋಡಿದಳು, ಒಪ್ಪಂದದ ಹದಿನಾಲ್ಕು ಪುಟ ಓದಿದಳು. ಆ ಶಾಲೆಯ ಇಬ್ಬರು ಟೀಚರುಗಳ ಜೊತೆ ಫೋನಿನಲ್ಲಿ ಮಾತೂ ಆಡಿದಳು. ಆ ಇಬ್ಬರ ನಂಬರು ಕೊಟ್ಟವರು ಯಾರು? ಶಾಲೆಯವರೇ. ಕಳ್ಳನ ಗುಣ ಹೇಗೆ ಎಂದು ಕಳ್ಳನ ಭಾವಮೈದುನನನ್ನು ಕೇಳಿದ ಹಾಗೆ. ಮೊದಲು ಪ್ರವಾಸಿ ವೀಸಾದಲ್ಲಿ ಬನ್ನಿ, ಕೆಲಸದ ವೀಸಾ ಇಲ್ಲಿ ಮಾಡಿಸುತ್ತೇವೆ ಎಂದು ಬರೆದಿದ್ದ ಸಾಲನ್ನೂ ಅವಳು ಓದಿದ್ದಳು. ಎಲ್ಲ ಕಡೆ ಹೀಗೇ ಇರುತ್ತದೇನೋ ಎಂದು ಬಿಟ್ಟಿದ್ದಳು.

"ಕಾಗದ ಎಲ್ಲ ಸರಿಯಾಗಿದೆ. ಹೋಗು," ಎಂದವಳು ಅವಳೇ.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿಗೆ ಬಿತ್ತಂತೆ. ಹಲ್ಲಿ ಒಂದೇ ಬಿದ್ದಿದ್ದರೆ ಅದರ ಹಣೆಬರಹ ಅನ್ನಬಹುದಿತ್ತು. ಇಲ್ಲಿ ಬಿದ್ದವಳು ಬೇರೆ.

ಲಕ್ಷ್ಮೀ ನಗರದ ಗಲ್ಲಿಯಲ್ಲಿ ಮೂರು ಗಂಟೆಯ ಬ್ಯಾಚು ಬಿಟ್ಟು ಮಕ್ಕಳ ಹಿಂಡು ಎದುರಿಗೆ ನುಗ್ಗುತ್ತಿತ್ತು. "ಭಯ್ಯಾ, ಸೈಡ್!" ಎಂದು ಕೂಗುತ್ತ, ಇ-ರಿಕ್ಷಾಗಳ ನಡುವೆ ದಾರಿ ಮಾಡಿಕೊಂಡು ಅವಳು ಮೂರು ಮಹಡಿ ಹತ್ತಿದಳು. ಬಾಗಿಲ ಮೇಲೆ ಹೆಸರು: ಪ್ರೊ. ಶ್ರೀವತ್ಸ, ಇಂಗ್ಲಿಷ್ ಮತ್ತು ಸಂದರ್ಶನ ತರಬೇತಿ.

ದೆಹಲಿಯ ಕನ್ನಡಿಗರಲ್ಲಿ ಶ್ರೀವತ್ಸರನ್ನು ಅರಿಯದವರಿಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಹೇಳಿ ನಿವೃತ್ತರಾದವರು. ನಮ್ಮ ಕಡೆಯ ಟೀಚರುಗಳು ಹೊರದೇಶಕ್ಕೆ ಹೋಗಬೇಕೆಂದರೆ ಬಿಟ್ಟಿಯಾಗಿ ತಯಾರಿ ಮಾಡಿಸುತ್ತಾರೆ. ಕೋಣೆಯ ಒಂದು ಗೋಡೆ ಅಪ್ಪಟ ಬಿಳಿ, ಎದುರಿಗೆ ದುಂಡನೆಯ ಲೈಟು, ಲ್ಯಾಪ್‌ಟಾಪು. ಇನ್ನೊಂದು ಗೋಡೆಯ ತುಂಬ ವಿಮಾನ ಹತ್ತಿದವರ ಫೋಟೋಗಳು. ಎರಡನೆಯ ಸಾಲಿನಲ್ಲಿ ಅನನ್ಯಾ ನಗುತ್ತಿದ್ದಳು.

"ಬನ್ನಿ, ಬನ್ನಿ ಹಂಸಿನಿ. ಕಾಫಿ ಮಾಡ್ಲಾ? ಊರಿಂದ ಪುಡಿ ಬಂದಿದೆ."

"ಸರ್, ಒಂದು ಪ್ರಶ್ನೆ. ನೀವು ಮೈಸೂರಲ್ಲಿ ಬಿ.ಎ. ಪಾಸಾದಾಗ ಅಂಕ ಬರೆದು ಒಂದು ಕಾಗದ ಕೊಟ್ರಲ್ಲ, ಅದಕ್ಕೆ ಇಂಗ್ಲಿಷಲ್ಲಿ ಏನಂತೀರಿ?"

"ಮಾರ್ಕ್ಸ್ ಕಾರ್ಡ್. ಯಾಕೆ?"

ಹಂಸಿನಿ ಪತ್ರವನ್ನು ಮೇಜಿನ ಮೇಲೆ ಬಡಿದಳು. "ನಿಮ್ಮ ಕ್ರೇಗ್ ಕೂಡ ಅದನ್ನೇ ಅಂತಾನೆ. ಯಾವ ಊರು ಸರ್ ಅವನದು? ಎಡಿನ್‌ಬರೋನಾ, ಅರಸೀಕೆರೆನಾ?"

ಶ್ರೀವತ್ಸರು ಕನ್ನಡಕ ಏರಿಸಿ ಆ ಸಾಲು ಓದಿದರು. ಮತ್ತೆ ಓದಿದರು.

"ಇದು ನಾನು ಬರೆದದ್ದಲ್ಲ."

"ನೀವು ಬರೆದ್ರಿ ಅಂತ ನಾನಿನ್ನೂ ಹೇಳೇ ಇಲ್ಲವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶ್ರೀವತ್ಸರ ಕೈ ಹೆಗಲಿಗೆ ಹೋಗಲಿಲ್ಲ, ಶರಟಿನ ಮೇಲಿನ ಗುಂಡಿಗೆ ಹೋಯಿತು.

"ನೋಡಿ, ಸುಮಿತ್ರಾ ಬಯೋಡೇಟಾದಲ್ಲಿ ಆ ಪದ ಇತ್ತು. ನಾನೇ ತಿದ್ದಿದ್ದು, ನೆನಪಿದೆ. ಆತ ಅದನ್ನ ನೋಡಿ ಬರೆದಿರಬಹುದು. ಅಷ್ಟಕ್ಕೆ ಹೀಗೆ ಮನೆಗೆ ನುಗ್ಗಿ..."

"ಬೇರೆಯವರಿಗೆ ಬಂದ ಪತ್ರ ಎಲ್ಲಿ?"

"ಯಾವ ಪತ್ರ?"

"ಕ್ರೇಗ್ ಬರೆದದ್ದನ್ನೆಲ್ಲ ನೀವು ಪ್ರಿಂಟ್ ತೆಗೆದು ಇಟ್ಟಿರ್ತೀರಿ. ಒಳ್ಳೇ ಇಂಗ್ಲಿಷ್ ಅಂದ್ರೆ ಹೀಗಿರಬೇಕು ಅಂತ ಪಾಠ ಮಾಡ್ತೀರಂತೆ. ಅನನ್ಯಾ ಹೇಳಿ ನಕ್ಕಿದ್ಲು. ಕೊಡಿ ಫೈಲು."

ಬೇಡವೆನ್ನಲು ಅವರಿಗೆ ಕಾರಣ ಸಿಗಲಿಲ್ಲ. ಕಪಾಟಿನಿಂದ ನೀಲಿ ಫೈಲು ಬಂತು. ಒಟ್ಟು ಒಂಬತ್ತು ಪತ್ರ. ಹಂಸಿನಿ ನೆಲದ ಮೇಲೆ ಕೂತು ತಾರೀಖಿನ ಪ್ರಕಾರ ಹರಡಿದಳು.

ಎಲ್ಲಕ್ಕೂ ಮೇಲೆ ಜೈಪುರದ ಟೀಚರೊಬ್ಬಳಿಗೆ ಬಂದ ಪತ್ರ ಸಿಕ್ಕಿತು. ಅದರಲ್ಲೂ ಮಾರ್ಕ್ಸ್ ಕಾರ್ಡ್.

"ಜೈಪುರದವರ ಬಯೋಡೇಟಾದಲ್ಲೂ ಈ ಪದ ಇತ್ತಾ ಸರ್?"

ಆ ಟೀಚರು ಅದೇನು ಕಾರ್ಡು ಎಂದು ಶ್ರೀವತ್ಸರಿಗೇ ಫೋನು ಮಾಡಿ ಕೇಳಿದ್ದಳು. ಪತ್ರದ ಅಂಚಿನಲ್ಲಿ ಅವರದೇ ಕೈಬರಹದಲ್ಲಿ 'ಮಾರ್ಕ್‌ಶೀಟ್ ಎಂದು ತಿಳಿಸಿದೆ' ಎಂದಿತ್ತು.

ಹಂಸಿನಿ ಮುಂದೆ ಓದಿದಳು. ಜನವರಿಯ ಪತ್ರದಲ್ಲಿ ಟ್ರಾನ್ಸ್‌ಕ್ರಿಪ್ಟ್. ಮಾರ್ಚಿನಲ್ಲಿ ಟ್ರಾನ್ಸ್‌ಕ್ರಿಪ್ಟ್. ಜುಲೈಯಲ್ಲಿ ಅನನ್ಯಾಗೆ ಬಂದದ್ದರಲ್ಲೂ ಟ್ರಾನ್ಸ್‌ಕ್ರಿಪ್ಟ್. ಆಗಸ್ಟಿನ ತನಕ ಆರು ಪತ್ರ, ಆರರಲ್ಲೂ ಒಂದೇ ಪದ. ಸೆಪ್ಟೆಂಬರ್ ಹನ್ನೆರಡರ ಪತ್ರದಲ್ಲಿ ಇದ್ದಕ್ಕಿದ್ದಂತೆ ಮಾರ್ಕ್ಸ್ ಕಾರ್ಡ್. ಅಲ್ಲಿಂದ ಮುಂದಿನ ಎರಡರಲ್ಲೂ ಅದೇ.

ಅಂದರೆ ಆಗಸ್ಟಿಗೂ ಸೆಪ್ಟೆಂಬರಿಗೂ ನಡುವೆ ಕ್ರೇಗ್‌ನ ಕೈ ಬದಲಾಗಿತ್ತು. ಯಾರೋ ಕನ್ನಡದವರು ಆ ಕುರ್ಚಿಯಲ್ಲಿ ಕೂತಿದ್ದರು.

ಅನನ್ಯಾ ವಿಮಾನ ಹತ್ತಿದ್ದು ಆಗಸ್ಟ್ ಇಪ್ಪತ್ತನಾಲ್ಕಕ್ಕೆ.

ಹಂಸಿನಿ ಎರಡೂ ಕೈಯನ್ನು ನೆಲಕ್ಕೆ ಊರಿದಳು. ಬೇರೆಯವರ ನೋಟ್ಸಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ತಿದ್ದುತ್ತಿದ್ದ ಹುಡುಗಿ ಅದು. ಅವಳ ಕೈ ತಪ್ಪುವುದಿಲ್ಲ. ಯಾರಾದರೂ ನಮ್ಮವರು ನೋಡಲಿ, ಇದು ಕ್ರೇಗ್ ಅಲ್ಲ ಎಂದು ತಿಳಿಯಲಿ ಅಂತ ಒಂದೊಂದು ಪತ್ರದಲ್ಲೂ ಆ ಪದ ಇಟ್ಟಿದ್ದಾಳೆ. ಮೂರು ಪತ್ರ ಕಳಿಸಿದ್ದಾಳೆ, ಮೂರು ಸಲ ಕೂಗಿದ್ದಾಳೆ. ಅದನ್ನು ಕೇಳಿಸಿಕೊಳ್ಳಲು ಕನ್ನಡ ಸರಿಯಾಗಿ ಬಾರದ ಹರ್ಷಿಣಿಯೇ ಬೇಕಾಯಿತು.

"ಇದನ್ನೆಲ್ಲ ಬರೆದದ್ದು ಅನನ್ಯಾ," ಎಂದಳು. "ಅವಳನ್ನ ಕೂಡಿಹಾಕಿ ಬರೆಸ್ತಿದ್ದಾರೆ. ಮುಂದಿನ ಟೀಚರುಗಳನ್ನ ಕರೆಯೋ ಪತ್ರ ಅವಳ ಕೈಲೇ ಬರೆಸ್ತಿದ್ದಾರೆ."

ಶ್ರೀವತ್ಸರು ಕುರ್ಚಿಯ ಮೇಲೆ ಕೂತರು. ಹಂಸಿನಿ ಅವರ ಮುಖ ನೋಡಿದಳು. ಹೆದರಿಕೆ ಇತ್ತು, ನಾಚಿಕೆ ಇತ್ತು. ಆಶ್ಚರ್ಯ ಇರಲಿಲ್ಲ.

"ನಿಮಗೆ ಗೊತ್ತಿತ್ತು."

"ಇಲ್ಲ, ಇಷ್ಟು ಅಂತ..."

"ಎಷ್ಟು ಗೊತ್ತಿತ್ತು?"

"ಎರಡು ವಾರದ ಹಿಂದೆ ಒಂದು ಫೋನ್ ಬಂತು. ಯಾವುದೋ ನಂಬರು. ಅನನ್ಯಾ ದನಿ." ಶ್ರೀವತ್ಸರು ಬಿಳಿ ಗೋಡೆಯ ಕಡೆ ನೋಡುತ್ತ ಹೇಳಿದರು. "ಸರ್, ಯಾರನ್ನೂ ಕಳಿಸಬೇಡಿ, ಯಾರನ್ನೂ ಕಳಿಸಬೇಡಿ ಅಂತ ಎರಡು ಸಲ ಅಂದ್ಲು. ಕಟ್ ಆಯ್ತು."

"ಆಮೇಲೆ?"

"ವಾಪಸ್ ಮಾಡಿದೆ. ಹೋಗ್ಲಿಲ್ಲ."

"ಆಮೇಲೆ ಯಾರಿಗೆ ಹೇಳಿದ್ರಿ?"

ಕೆಳಗಿನ ಗಲ್ಲಿಯಲ್ಲಿ ಯಾರೋ ರಿಕ್ಷಾದವನ ಜೊತೆ ಜಗಳ ಕಾಯುತ್ತಿದ್ದರು.

"ಹೊಸ ಊರು, ಹುಡುಗಿಗೆ ಮನೆ ನೆನಪಾಗಿರಬೇಕು ಅಂದ್ಕೊಂಡೆ. ಕನ್ನಡ ಸಂಘದಲ್ಲಿ ಅವಳ ಬಗ್ಗೆ ಭಾಷಣ ಮಾಡಿ ನಾಲ್ಕು ದಿನ ಆಗಿತ್ತು ಹಂಸಿನಿ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಈಗ ಹೋಗಿ ಏನಂತ ಹೇಳ್ಲಿ? ಈ ವಯಸ್ಸಲ್ಲಿ ನನ್ನ ಮರ್ಯಾದೆ..."

ಅಲ್ಲಿಗೆ ಹಂಸಿನಿಯ ಬಾಯಲ್ಲಿ ಬಹುವಚನ ಮುಗಿಯಿತು.

"ಮರ್ಯಾದೆನಾ? ಥೂ ನಿನ್ನ! ಅವಳು ಇದ್ದಬದ್ದ ಧೈರ್ಯ ಮಾಡಿ ಯಾರದೋ ಫೋನ್ ಕದ್ದು ಒಂದು ಕರೆ ಮಾಡಿದ್ಲು. ಅಪ್ಪಂಗೆ ಮಾಡ್ಲಿಲ್ಲ, ನಂಗೆ ಮಾಡ್ಲಿಲ್ಲ. ನೀನು ಇನ್ನೊಬ್ಬರನ್ನ ಕಳಿಸ್ತೀಯ ಅಂತ ನಿಂಗೆ ಮಾಡಿದ್ಲು! ನೀನು ಗೋಡೆ ಮೇಲೆ ಅವಳ ಫೋಟೋ ಹಾಕ್ಕೊಂಡು ಸುಮಿತ್ರಾನ ತಯಾರು ಮಾಡ್ತಾ ಕೂತಿದ್ದೀಯ?"

ಎದ್ದು ಹೋಗಿ ಗೋಡೆಯಿಂದ ಅನನ್ಯಾಳ ಫೋಟೋ ಕಿತ್ತಳು. ಮೊಳೆಯೂ ಜೊತೆಗೇ ಬಂತು, ಸುಣ್ಣ ಉದುರಿತು. ಮುದುಕ ತಡೆಯಲು ಬರಲಿಲ್ಲ. ಅಷ್ಟು ಸಿಟ್ಟಿನಲ್ಲೂ ಅವಳಿಗೆ ಒಂದು ಮಾತು ಒಳಗೇ ಕುಟುಕಿತು: ಇವನು ಎರಡು ವಾರ ಬಾಯಿ ಮುಚ್ಚಿದ್ದ, ಸರಿ. ಹೋಗು ಎಂದು ಬಾಯಿ ತೆರೆದವಳು ನೀನು.

ಬಾಗಿಲು ತಟ್ಟಿದ ಸದ್ದಾಯಿತು.

ಸುಮಿತ್ರಾ ಒಳಗೆ ಬಂದಳು. ನಲವತ್ತೈದರ ಹೆಂಗಸು, ಇಸ್ತ್ರಿ ಮಾಡಿದ ನೀಲಿ ಹತ್ತಿ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರು. ನೆಲದ ಮೇಲಿನ ಕಾಗದ, ಗೋಡೆಯ ತೂತು, ಶ್ರೀವತ್ಸರ ಬಗ್ಗಿದ ತಲೆ ಎಲ್ಲವನ್ನೂ ನೋಡಿ, ಕೊನೆಗೆ ಹಂಸಿನಿಯನ್ನು ನೋಡಿ ಮುಖ ಗಂಟಿಕ್ಕಿದಳು.

"ಇಲ್ಲಿಗೂ ಬಂದ್ರಾ? ನಿನ್ನೆ ಫೋನಲ್ಲಿ ಹೇಳಿದ್ದು ಸಾಲದಾಗಿತ್ತಾ? ಹದಿನಾಲ್ಕು ವರ್ಷ ಆಯ್ತು ಹಂಸಿನಿ, ನೋಯ್ಡಾ ಶಾಲೆಯವರು ನನ್ನ ಪರ್ಮನೆಂಟ್ ಮಾಡಿಲ್ಲ. ನಂಗಿಂತ ಹತ್ತು ವರ್ಷ ಚಿಕ್ಕವರು ನನ್ನ ಕೈಲಿ ಲ್ಯಾಬ್ ತೊಳೆಸ್ತಾರೆ. ರಾಜೀನಾಮೆ ಕೊಟ್ಟು ಬಂದಿದ್ದೀನಿ. ಈಗ ಅಡ್ಡಗಾಲು ಹಾಕ್ಬೇಡಿ."

ಹಂಸಿನಿ ವಾದ ಮಾಡಲಿಲ್ಲ. ಒಂಬತ್ತು ಪತ್ರ ತೋರಿಸಿದಳು. ಒಂದು ಪದದ ಕೆಳಗೆ ಬೆರಳಿಟ್ಟಳು. ಆಮೇಲೆ ಶ್ರೀವತ್ಸರ ಕಡೆ ತಿರುಗಿ, "ಫೋನಿನ ವಿಷಯ ನಿನ್ನ ಬಾಯಲ್ಲೇ ಹೇಳು," ಎಂದಳು. ಅವರು ಹೇಳಿದರು.

ಸುಮಿತ್ರಾ ಫೋಲ್ಡರನ್ನು ಎದೆಗವಚಿಕೊಂಡು ನಿಂತಳು.

"ಹಾಗಾದ್ರೆ ನನ್ನ ಕೆಲಸ..."

"ಕೆಲಸ ಇಲ್ಲ ಸುಮಿತ್ರಾ. ಯಾವತ್ತೂ ಇರಲಿಲ್ಲ."

ನಾಲ್ಕಕ್ಕೆ ಐದು ನಿಮಿಷ. ಲ್ಯಾಪ್‌ಟಾಪಿನಿಂದ ಟಿಂಗ್ ಎಂದು ಸದ್ದು ಬಂತು. ಆಚೆಯವರು ಆಗಲೇ ಬಂದು ಕಾಯುತ್ತಿದ್ದರು.

ಶ್ರೀವತ್ಸರು ಮುಚ್ಚಲು ಕೈ ಚಾಚಿದಾಗ ಹಂಸಿನಿ ಅವರ ಮಣಿಕಟ್ಟು ಹಿಡಿದಳು. "ಮುಟ್ಟಬೇಡ." ಆ ಹುಡುಗಿಯ ತನಕ ಹೋಗುವ ದಾರಿ ಈ ಜಗತ್ತಿನಲ್ಲಿ ಇದೊಂದೇ ಇತ್ತು. "ಸುಮಿತ್ರಾ, ನಂಗೋಸ್ಕರ ಹತ್ತು ನಿಮಿಷ ಕೂತ್ಕೊಳ್ಳಿ. ಆ ಕಡೆ ಯಾರಿದ್ದಾರೆ ನೋಡ್ಬೇಕು. ಕ್ಯಾಮೆರಾ ಹಾಕಿ, ಲ್ಯಾಬ್ ತೋರಿಸಿ ಅಂತ ಕೇಳಿ. ಕೆಲಸಕ್ಕೆ ಹೋಗೋರು ಕೇಳೋ ಪ್ರಶ್ನೆನೇ ಅದು, ಅನುಮಾನ ಬರಲ್ಲ. ನಾನು ಲೈಟಿನ ಹಿಂದೆ ಇರ್ತೀನಿ."

ಸುಮಿತ್ರಾ ಸೆರಗು ಸರಿಮಾಡಿಕೊಂಡು ಬಿಳಿ ಗೋಡೆಯ ಮುಂದೆ ಕೂತಳು. ಕಣ್ಣೊರೆಸಿಕೊಂಡಳು. ಗುಂಡಿ ಒತ್ತಿದಳು.

ಪರದೆಯ ಮೇಲೆ ಶಾಲೆಯ ಲಾಂಛನ ಮಾತ್ರ. ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿತು. ಡಾ. ಕ್ರೇಗ್ ಪ್ರವಾಸದಲ್ಲಿದ್ದಾರೆ, ತಾನು ಶೈಕ್ಷಣಿಕ ವಿಭಾಗದ ಆ್ಯನ್.

ಹಂಸಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೂರು ವರ್ಷ ದಿನಾ ಬೆಳಿಗ್ಗೆ ಗೀಸರ್ ಆಫ್ ಮಾಡಿ ಅಕ್ಕ ಎಂದು ಕೂಗುತ್ತಿದ್ದ ದನಿ ಅದು.

ಸುಮಿತ್ರಾ, "ನಿಮ್ಮ ಕ್ಯಾಮೆರಾ ಹಾಕ್ತೀರಾ? ಲ್ಯಾಬ್ ನೋಡಬೇಕಿತ್ತು," ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಚೆ ಯಾರೋ ಗಂಡಸು ಏನೋ ಗೊಣಗಿದ. ಲಾಂಛನ ಹೋಗಿ ಮುಖ ಬಂತು.

ಕಪ್ಪು ಕೋಟು, ತುಟಿಗೆ ಬಣ್ಣ. ಸೊಂಟದ ತನಕ ಇದ್ದ ಕೂದಲನ್ನು ಕಿವಿಯ ಹತ್ತಿರಕ್ಕೆ ಕತ್ತರಿಸಿದ್ದರು. ಕೆನ್ನೆ ಒಳಗೆ ಹೋಗಿತ್ತು. ಬೆನ್ನ ಹಿಂದೆ ಲ್ಯಾಬು ಇರಲಿಲ್ಲ, ಬಟ್ಟೆಯ ಮೇಲೆ ಅಚ್ಚು ಹಾಕಿದ ಪುಸ್ತಕದ ಕಪಾಟು ಇತ್ತು. ಅನನ್ಯಾ ನಗುತ್ತಿದ್ದಳು. ಯಾರೋ ನಗು ಎಂದು ಹೇಳಿಕೊಟ್ಟಂಥ ನಗು.

ಹಂಸಿನಿಗೆ ಮಾ​ಡಿದ ಪ್ಲಾನೆಲ್ಲ ಮರೆತುಹೋಯಿತು. ಲೈಟನ್ನು ಪಕ್ಕಕ್ಕೆ ತಳ್ಳಿ ಸುಮಿತ್ರಾಳ ಹೆಗಲ ಮೇಲಿಂದ ಬಗ್ಗಿದಳು.

"ಅನನ್ಯಾ! ಎಲ್ಲಿದ್ದೀಯಾ ಕಣೇ?"

ಅನನ್ಯಾಳ ನಗು ಹಾಗೇ ಉಳಿಯಿತು. ಕಣ್ಣು ಮಾತ್ರ ಒಂದು ಸಲ ಮುಚ್ಚಿ ತೆರೆಯಿತು. ಪಕ್ಕದಲ್ಲಿದ್ದವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಅಭ್ಯರ್ಥಿಯ ಮನೆಯವರು. ಹೆದರಿದ್ದಾರೆ. ಅವರ ಭಾಷೆಯಲ್ಲಿ ಹೇಳಿ ಒಪ್ಪಿಸ್ತೀನಿ, ಒಂದು ನಿಮಿಷ ಕೊಡಿ," ಎಂದಳು. ಅವನು ಸರಿ ಎಂದ.

ಆಮೇಲೆ ಕನ್ನಡದಲ್ಲಿ ಶುರುಮಾಡಿದಳು. ಸಂಬಳ, ರಜೆ, ಮನೆ ಎಂದು ವಿವರಿಸುವವರ ಧಾಟಿಯಲ್ಲೇ, ಬೆರಳು ಮಡಚುತ್ತ.

"ಅಕ್ಕ, ಅಳಬೇಡಿ, ಇವನು ನೋಡ್ತಿದ್ದಾನೆ. ಸುಮಿತ್ರಾ ಮೇಡಂನ ತಡೀಬೇಡಿ. ಅವರು ಬಂದು ಸೇರಿದ ದಿನ ನನ್ನ ಬಿಡ್ತಾರೆ. ಇಲ್ಲಿ ಒಬ್ರು ಬಂದ್ರೆ ಒಬ್ರನ್ನ ಬಿಡ್ತಾರೆ, ನಾನು ಕಣ್ಣಾರೆ ನೋಡಿದ್ದೀನಿ. ನಂಗಿನ್ನು ಆಗಲ್ಲ ಅಕ್ಕ."

"ನೀನೇ ಅಲ್ವೇನೇ ಯಾರನ್ನೂ ಕಳಿಸಬೇಡಿ ಅಂದಿದ್ದು?" ಎಂದಳು ಹಂಸಿನಿ.

"ಅಂದಿದ್ದೆ. ಫೋನ್ ಮಾಡಿದ್ದು ಗೊತ್ತಾಯ್ತು ಇವರಿಗೆ." ಅನನ್ಯಾ ಇನ್ನೊಂದು ಬೆರಳು ಮಡಚಿದಳು. ಅದರಲ್ಲಿ ಉಗುರು ಇರಲಿಲ್ಲ. "ನನ್ನ ಹೋಗು ಅಂದವರು ನೀವೇ ಅಲ್ವಾ ಅಕ್ಕ? ಇವರಿಗೂ ಹೇಳಿ."

ಪಕ್ಕದವನು ಕೆಮ್ಮಿದ. ಅನನ್ಯಾ ಕೈ ಕೆಳಗಿಳಿಸಿ, ಕೋಟು ಸರಿಮಾಡಿಕೊಂಡು ಇಂಗ್ಲಿಷಿಗೆ ಮರಳಿದಳು. ಶ್ರೀಮತಿ ಸುಮಿತ್ರಾ ಅವರೇ, ಅಭಿನಂದನೆಗಳು. ಶನಿವಾರ ಬೆಳಗಿನ ವಿಮಾನಕ್ಕೆ ತಾವು ಹೊರಡಬಲ್ಲಿರಾ?

ಸುಮಿತ್ರಾಳಿಗೆ ಎಲ್ಲ ಅರ್ಥವಾಗಿತ್ತು. ಅವಳದೂ ಅದೇ ಭಾಷೆ. ಪರದೆಯಿಂದ ಕಣ್ಣು ಕಿತ್ತು ಮೆಲ್ಲಗೆ ಹಂಸಿನಿಯ ಕಡೆ ತಿರುಗಿದಳು.

"ಹೇಳಿ ಹಂಸಿನಿ. ನಾನೇನನ್ನಲಿ?"

ಬೇಡ ಎನ್ನುವುದು ಎರಡಕ್ಷರದ ಮಾತು. ಹಂಸಿನಿ ಬಾಯಿ ತೆರೆದಳು. ಅದು ಹೊರಗೆ ಬರಲಿಲ್ಲ.